ಏಳು ಆಸನದ ಕುಟುಂಬ ವಾಹನ: ಹೊಸದೋ, ಬಳಸಿದ್ದೋ?

ಕೋಯಿಕ್ಕೋಡ್‌ನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆ, ನಂಜನಗೂಡು, ಮೈಸೂರು ಹಾಗೂ ತಿರುಮಕೂಡಲು ನರಸೀಪುರವನ್ನು ಹಾದು ಕೊಳ್ಳೇಗಾಲ ಸೇರುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರ, ತಿ.ನರಸೀಪುರದ ಗುಂಜಾ ನರಸಿಂಹ, ಸಮೀಪದ ಸೋಮನಾಥಪುರ, ತಲಕಾಡು, ಮುಡುಕುತೊರೆ, ಮುಂದೆ ಮಲೆ ಮಹದೇಶ್ವರ ಬೆಟ್ಟ. ಇಷ್ಟು ಕ್ಷೇತ್ರಗಳು ಒಂದೇ ಸುತ್ತಿನಲ್ಲಿ ಸಿಗುವ ಕಾರಣ ರಾಜ್ಯದ ನಾನಾ ಕಡೆಗಳಿಂದ ಕುಟುಂಬಗಳು ಮನೆಮಂದಿಯನ್ನೆಲ್ಲ ಒಂದೇ ವಾಹನದಲ್ಲಿ ಕೂರಿಸಿಕೊಂಡು ಈ ದಾರಿ ಹಿಡಿಯುತ್ತವೆ. ಮೈಸೂರು–ಚಾಮರಾಜನಗರ ರೈಲು ಮಾರ್ಗ ನಂಜನಗೂಡನ್ನು ಮುಟ್ಟುತ್ತದೆ, ತಿ.ನರಸೀಪುರಕ್ಕೆ ರೈಲಿಲ್ಲ. ಅಲ್ಲಿನವರಿಗೆ ಬಸ್ಸು ಬಿಟ್ಟರೆ ಸ್ವಂತ ವಾಹನವೇ ಗತಿ.

ಏಳು ಜನ ಕೂರುವ ವ್ಯಾನ್ ಅಥವಾ ಬಹೂಪಯೋಗಿ ಕಾರಿಗೆ ಈ ಭಾಗದಲ್ಲಿ ಬೇಡಿಕೆ ಇರುವುದು ಆದ್ದರಿಂದಲೇ. ಹೊಸದನ್ನು ಕೊಳ್ಳಬೇಕೇ, ಬಳಸಿದ್ದು ಸಾಕೇ ಎಂಬ ಪ್ರಶ್ನೆ ಬಂದಾಗ ಬಹುತೇಕ ಮಂದಿ ಬೆಲೆಯಿಂದ ಲೆಕ್ಕ ಆರಂಭಿಸುತ್ತಾರೆ. ಆರಂಭಿಸಬೇಕಾದುದು ತಲೆ ಎಣಿಕೆಯಿಂದ.

ಮೂರನೇ ಸಾಲು ಎಷ್ಟು ದಿನ ತುಂಬುತ್ತದೆ?

ವಾಹನ ಕೊಳ್ಳುವ ಮುನ್ನ ಹಿಂದಿನ ಒಂದು ವರ್ಷದಲ್ಲಿ ಐದಕ್ಕಿಂತ ಹೆಚ್ಚು ಜನ ಒಟ್ಟಿಗೆ ಪ್ರಯಾಣಿಸಿದ ದಿನಗಳೆಷ್ಟು ಎಂಬುದನ್ನು ಬರೆದಿಡುವುದು ಒಳಿತು. ನಂಜನಗೂಡಿನ ದೊಡ್ಡ ಜಾತ್ರೆ, ಒಂದೆರಡು ಮದುವೆ, ಬೇಸಿಗೆ ರಜೆಯ ಪ್ರವಾಸ ಇವನ್ನು ಬಿಟ್ಟರೆ ಮೂರನೇ ಸಾಲು ಖಾಲಿಯೇ ಉಳಿಯುವ ಮನೆಗಳು ಕಡಿಮೆಯೇನಲ್ಲ.

ಉದಾಹರಣೆಗೆ, ಏಳು ಆಸನದ ವಾಹನಕ್ಕೆ ಐದು ಆಸನದ ಕಾರಿಗಿಂತ 3 ಲಕ್ಷ ರೂಪಾಯಿ ಹೆಚ್ಚು ತೆರಬೇಕಾಗುತ್ತದೆ ಎಂದಿಟ್ಟುಕೊಳ್ಳೋಣ. ಹತ್ತು ವರ್ಷ ಬಳಸಿದರೆ ವರ್ಷಕ್ಕೆ 30,000 ರೂಪಾಯಿ. ಮೂರನೇ ಸಾಲು ವರ್ಷದಲ್ಲಿ ಆರೇ ದಿನ ಬಳಕೆಯಾದರೆ ಆ ಆಸನಗಳಿಗೆ ದಿನಕ್ಕೆ 5,000 ರೂಪಾಯಿ ಕೊಟ್ಟಂತಾಯಿತು. ಅಂತಹ ಕುಟುಂಬಕ್ಕೆ ಸಣ್ಣ ಕಾರಿಟ್ಟುಕೊಂಡು, ಬೇಕಾದ ದಿನ ಹಳದಿ ಬೋರ್ಡಿನ ವಾಹನವನ್ನು ಬಾಡಿಗೆಗೆ ಪಡೆಯುವುದೇ ಲಾಭದಾಯಕವಾಗಬಹುದು. ವೃದ್ಧ ತಂದೆತಾಯಿ, ಮಕ್ಕಳು ಒಂದೇ ಮನೆಯಲ್ಲಿದ್ದು, ತಿಂಗಳಿಗೆ ಮೂರು ನಾಲ್ಕು ಬಾರಿ ಎಲ್ಲರೂ ಹೊರಡುವುದಿದ್ದರೆ ದೊಡ್ಡ ವಾಹನ ಖಂಡಿತ ಅಗತ್ಯ.

ಆಸನ ಏಳು, ಸಾಮಾನಿಗೆ ಜಾಗವೆಷ್ಟು?

ಏಳೂ ಆಸನ ತುಂಬಿದಾಗ ಹಿಂದೆ ಉಳಿಯುವ ಜಾಗವನ್ನು ಶೋರೂಂನಲ್ಲಿ ವಿಚಾರಿಸುವವರು ವಿರಳ. 2019ರಲ್ಲಿ ಬಂದ ರೆನೊ ಟ್ರೈಬರ್‌ನಲ್ಲಿ ಈ ಜಾಗ 84 ಲೀಟರ್ ಮಾತ್ರ. ಮೂರನೇ ಸಾಲನ್ನು ಕಳಚಿಟ್ಟರೆ ಅದೇ ಜಾಗ 625 ಲೀಟರ್‌ಗೆ ಏರುತ್ತದೆ. ಮಾರುತಿ ಎರ್ಟಿಗಾದಲ್ಲಿ ಏಳು ಜನ ಕುಳಿತಾಗ 209 ಲೀಟರ್, ಟೊಯೊಟಾ ಇನ್ನೋವಾ ಕ್ರಿಸ್ಟಾದಲ್ಲಿ 300 ಲೀಟರ್ ಸಿಗುತ್ತದೆ. ಎರಡು ದಿನದ ಬಟ್ಟೆ, ಪೂಜಾ ಸಾಮಗ್ರಿ, ಬುತ್ತಿಯ ಡಬ್ಬಿಗಳೊಂದಿಗೆ ಹೊರಡುವ ಏಳು ಜನರಿಗೆ 84 ಲೀಟರ್ ಸಾಲದು. ಕಾರ್ಖಾನೆಯಿಂದಲೇ ಸಿಎನ್‌ಜಿ ಅಳವಡಿಸಿದ ಎರ್ಟಿಗಾ ಕೊಳ್ಳುವವರು ಸಿಲಿಂಡರ್ ಹಿಂಬದಿಯ ಜಾಗವನ್ನು ಬಹುಪಾಲು ನುಂಗುತ್ತದೆ ಎಂಬುದನ್ನೂ ನೆನಪಿಡಬೇಕು.

ಮೂರನೇ ಸಾಲಿಗೆ ಹತ್ತಿ ಇಳಿಯುವುದು ಇನ್ನೊಂದು ವಿಚಾರ. ಮಂಡಿನೋವಿರುವ ಹಿರಿಯರು ಮಧ್ಯದ ಸಾಲಿನಲ್ಲಿ ಕೂರುತ್ತಾರೆ. ಹಿಂದೆ ಹೋಗುವವರು ಮಕ್ಕಳು ಅಥವಾ ಹರೆಯದವರು. ಆದ್ದರಿಂದ ವಾಹನ ನೋಡಲು ಮನೆಯ ಯಜಮಾನ ಒಬ್ಬನೇ ಹೋಗದೆ ಎಲ್ಲರನ್ನೂ ಕರೆದೊಯ್ಯಬೇಕು. ಅಜ್ಜಿ ಎಷ್ಟು ಸಲೀಸಾಗಿ ಹತ್ತಿದರು, ಹಿಂದೆ ಕೂತವರ ತಲೆ ಛಾವಣಿಗೆ ತಾಗುತ್ತದೆಯೇ, ಎಸಿಯ ಗಾಳಿ ಅಲ್ಲಿಗೆ ತಲುಪುತ್ತದೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿದುಹೋಗುತ್ತದೆ.

ಹೊಸ ವಾಹನದ ತೆರಿಗೆ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳ ಪ್ರಕಾರ, 4 ಮೀಟರ್ ಉದ್ದ ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಶೇ 18 ತೆರಿಗೆ. ಮಾರುತಿ ಈಕೊ ಮತ್ತು ಟ್ರೈಬರ್ ಈ ವರ್ಗಕ್ಕೆ ಸೇರುತ್ತವೆ. ಎರ್ಟಿಗಾ, ಅದರ ಸೋದರ ಮಾದರಿಯಾದ ಟೊಯೊಟಾ ರೂಮಿಯನ್, ಕಿಯಾ ಕಾರೆನ್ಸ್, ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಇವು 4 ಮೀಟರ್ ಮೀರುವುದರಿಂದ ಶೇ 40ರ ವರ್ಗಕ್ಕೆ ಬರುತ್ತವೆ.

ಇದರ ಮೇಲೆ ರಾಜ್ಯದ ಜೀವಿತಾವಧಿ ತೆರಿಗೆ ಇದೆ. ಕರ್ನಾಟಕದಲ್ಲಿ ಖಾಸಗಿ ಪೆಟ್ರೋಲ್, ಡೀಸೆಲ್ ಕಾರುಗಳಿಗೆ 5 ಲಕ್ಷ ರೂಪಾಯಿವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲ್ಪಟ್ಟರೆ ಶೇ 18 ದರವಿದೆ, ಸೆಸ್ ಪ್ರತ್ಯೇಕ. ವಾಹನದ ಬೆಲೆ 9.90 ಲಕ್ಷವಾದರೆ ತೆರಿಗೆ 1,38,600 ರೂಪಾಯಿ, 10.10 ಲಕ್ಷವಾದರೆ 1,71,700 ರೂಪಾಯಿ. ಬೆಲೆಯಲ್ಲಿ 20,000 ರೂಪಾಯಿ ಹೆಚ್ಚಿದ್ದಕ್ಕೆ ತೆರಿಗೆ 33,100 ರೂಪಾಯಿ ಏರುತ್ತದೆ. ಮೇಲಿನ ಶ್ರೇಣಿಯ ಮಾದರಿಯತ್ತ ಮಾರಾಟ ಪ್ರತಿನಿಧಿ ಒತ್ತಾಯಿಸುವಾಗ ಈ ಗಡಿಯನ್ನು ಗಮನದಲ್ಲಿಡಬೇಕು.

ಬಳಸಿದ ಮಾರುಕಟ್ಟೆಯಲ್ಲಿ ಏನಿದೆ?

1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, ಮುಂದೆ ಓಮ್ನಿ ಎಂಬ ಹೆಸರು ಪಡೆದ 796 ಸಿಸಿ ವಾಹನದ ತಯಾರಿಕೆ 2019ರಲ್ಲಿ ನಿಂತಿತು. ಬಿಡಿಭಾಗ ಅಗ್ಗ, ಯಾವ ಊರಿನ ಮೆಕ್ಯಾನಿಕ್ ಆದರೂ ರಿಪೇರಿ ಮಾಡಬಲ್ಲ. ಆದರೆ ಎಂಜಿನ್ ಮುಂದಿನ ಆಸನದ ಕೆಳಗಿದ್ದು, ಚಾಲಕನ ಮುಂದೆ ಡಿಕ್ಕಿಯ ಹೊಡೆತ ತಡೆಯುವ ಭಾಗವೇ ಇಲ್ಲ. ಪೇಟೆಯೊಳಗಿನ ಓಡಾಟಕ್ಕೆ ಸರಿಯೆನಿಸಿದರೂ ಹೆದ್ದಾರಿಯಲ್ಲಿ ಕುಟುಂಬವನ್ನು ಕರೆದೊಯ್ಯಲು ತಕ್ಕುದಲ್ಲ.

2000ದಿಂದ ಕೆಲವೇ ವರ್ಷ ಮಾರಾಟವಾದ ಕ್ವಾಲಿಸ್, 2017ರಲ್ಲಿ ಜನರಲ್ ಮೋಟಾರ್ಸ್ ಭಾರತದಲ್ಲಿ ಮಾರಾಟ ನಿಲ್ಲಿಸಿದಾಗ ಕೊನೆಗೊಂಡ ಟವೇರಾ, 2009ರಲ್ಲಿ ಬಂದ ಮಹೀಂದ್ರ ಜೈಲೊ ಇವು ಗಟ್ಟಿಮುಟ್ಟಾದ ವಾಹನಗಳೇ. ಆದರೂ ಹಳೆಯದಾದಷ್ಟೂ ಬಿಡಿಭಾಗದ ಹುಡುಕಾಟ ಹೆಚ್ಚು. ನಿತ್ಯದ ಬಳಕೆಗೆ ಹೆಚ್ಚು ಭರವಸೆ ಇಡಬಹುದಾದುವು 2005ರಲ್ಲಿ ಬಂದ ಇನ್ನೋವಾ, 2016ರ ಕ್ರಿಸ್ಟಾ ಹಾಗೂ 2012ರ ಎರ್ಟಿಗಾ. ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ತಯಾರಿಸದ ಕಾರಣ ಡೀಸೆಲ್ ಎರ್ಟಿಗಾ ಎಂದರೆ ಅದಕ್ಕೂ ಹಿಂದಿನದೇ. ಹಳೆಯ ಡೀಸೆಲ್ ಇನ್ನೋವಾ ಕೊಳ್ಳುವವರು ಟೈಮಿಂಗ್ ಬೆಲ್ಟ್ ಬದಲಾಯಿಸಿದ ದಾಖಲೆ ಕೇಳಬೇಕು. 2023ರ ಏಪ್ರಿಲ್‌ಗೂ ಮುನ್ನ ತಯಾರಾದ ಪೆಟ್ರೋಲ್ ಕಾರು ಶೇ 20 ಎಥೆನಾಲ್ ಬೆರೆತ ಇಂಧನಕ್ಕೆ ಹೊಂದುತ್ತದೆಯೇ ಎಂಬುದನ್ನು ಕಂಪನಿಯ ಕೈಪಿಡಿಯಲ್ಲಿ ನೋಡುವುದು ಕ್ಷೇಮ.

ನೀರು ಕಂಡ ವಾಹನ

ಕಬಿನಿ ಜಲಾಶಯದಿಂದ ಭಾರಿ ಪ್ರಮಾಣದ ನೀರು ಬಿಟ್ಟಾಗ ನಂಜನಗೂಡಿನ ನದಿತೀರದ ಬಡಾವಣೆಗಳು ಮುಳುಗುವುದುಂಟು. 2018 ಮತ್ತು 2019ರ ಮಳೆಗಾಲಗಳಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ಹೆದ್ದಾರಿಯೇ ಜಲಾವೃತವಾಗಿ ಸಂಚಾರ ಬಂದ್ ಆಗಿತ್ತು. ಕಾವೇರಿ, ಕಪಿಲೆಯರು ಕೂಡುವ ತಿ.ನರಸೀಪುರದಲ್ಲಿಯೂ ನದಿಪಾತ್ರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗುತ್ತದೆ. ಬಳಸಿದ ವಾಹನ ಎಲ್ಲಿಂದ ಬಂದರೂ ಅದು ಪ್ರವಾಹದಲ್ಲಿ ನಿಂತಿತ್ತೇ ಎಂಬುದನ್ನು ಪರೀಕ್ಷಿಸಬೇಕು.

ಮ್ಯಾಟ್ ಎತ್ತಿ ನೆಲದ ತಗಡಿನ ತುಕ್ಕು, ಆಸನ ಬಿಗಿದ ಬೋಲ್ಟುಗಳ ಬಣ್ಣ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಣಗಿದ ಕೆಸರು ಇವನ್ನು ನೋಡಬೇಕು. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ನೀರಿನ ಗೆರೆ ಕಾಣಬಹುದು. ಒಳಗೆ ಮುಗ್ಗಲು ವಾಸನೆ ಇದ್ದು, ಅದನ್ನು ಮರೆಸಲು ಸುಗಂಧ ಸಿಂಪಡಿಸಿದ್ದರೆ ಅದೂ ಒಂದು ಸೂಚನೆಯೇ. ಓಮ್ನಿ, ಈಕೊಗಳಲ್ಲಿ ಜಾರುವ ಬಾಗಿಲಿನ ಹಳಿಯ ಕೆಳಭಾಗಕ್ಕೆ ಮೊದಲು ತುಕ್ಕು ಹಿಡಿಯುತ್ತದೆ.

ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ

ಪ್ರವಾಸಿ ತಾಣಗಳ ಸುತ್ತಮುತ್ತ ಬಾಡಿಗೆಗೆ ಓಡಿದ ವಾಹನಗಳು ಖಾಸಗಿಯಾಗಿ ಪರಿವರ್ತನೆಗೊಂಡು ಮಾರಾಟಕ್ಕೆ ಬರುತ್ತವೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಪರ್ಮಿಟ್ ಒಪ್ಪಿಸಿ, ವ್ಯತ್ಯಾಸದ ತೆರಿಗೆ ಕಟ್ಟಿ, ಆರ್‌ಸಿಯಲ್ಲಿ ವರ್ಗ ಬದಲಾಗಿರಬೇಕು. ಇಂತಹ ವಾಹನ ವರ್ಷಕ್ಕೆ ಓಡುವ ದೂರ ಮನೆಯ ಕಾರಿನದ್ದಕ್ಕಿಂತ ಬಹಳ ಹೆಚ್ಚು. ಮೀಟರಿನ ಅಂಕಿಯನ್ನು ನಂಬದೆ ಸರ್ವೀಸ್ ದಾಖಲೆಯೊಂದಿಗೆ ಹೋಲಿಸಬೇಕು. ಬ್ರೇಕ್ ಪೆಡಲಿನ ಸವೆದ ರಬ್ಬರ್, ನುಣುಪಾದ ಸ್ಟೀರಿಂಗ್, ಕುಸಿದ ಚಾಲಕನ ಆಸನ ಸುಳ್ಳು ಹೇಳುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪು ಬಿಳಿ ಬೋರ್ಡಿನ ವಾಹನವನ್ನು ಬಾಡಿಗೆಗೆ ಬಿಡುವುದು. ಸಾಲದ ಕಂತು ಅದರಿಂದಲೇ ತೀರಲಿ ಎಂಬ ಯೋಚನೆ ಹಲವರದು. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯಡಿ 10,000 ರೂಪಾಯಿ ದಂಡವಿದ್ದು, ಜೈಲು ಶಿಕ್ಷೆಗೂ ಅವಕಾಶವಿದೆ. ಅಪಘಾತವಾದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಲು ಇದೇ ಕಾರಣವಾಗಬಹುದು.

ಕಾಗದಪತ್ರದ ಪರಿಶೀಲನೆ

ಮುಂಗಡ ಕೊಡುವ ಮೊದಲೇ ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ನಮೂದಿಸಿ ಮಾಲೀಕತ್ವದ ಕ್ರಮಾಂಕ, ಸಾಲದ ನಮೂದು, ವಿಮೆ ಹಾಗೂ ಬಾಕಿ ದಂಡಗಳನ್ನು ನೋಡಬೇಕು. ಆರ್‌ಸಿಯ ಎಂಜಿನ್ ಸಂಖ್ಯೆ ಮತ್ತು ಛಾಸಿ ಸಂಖ್ಯೆ ವಾಹನದ ಮೇಲಿನವಕ್ಕೆ ತಾಳೆಯಾಗಬೇಕು. ವರ್ಗಾವಣೆಗೆ ನಮೂನೆ 29 ಮತ್ತು 30, ಬ್ಯಾಂಕ್ ಸಾಲವಿದ್ದಲ್ಲಿ ಅದು ತೀರಿದ್ದಕ್ಕೆ ನಮೂನೆ 35 ಬೇಕು. ಕೇರಳ ಅಥವಾ ತಮಿಳುನಾಡಿನ ನೋಂದಣಿಯ ವಾಹನಕ್ಕೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು; ಇಲ್ಲಿ ವಾಹನದ ವಯಸ್ಸಿಗೆ ಅನುಗುಣವಾಗಿ ತೆರಿಗೆ ಮತ್ತೆ ಕಟ್ಟಬೇಕು. ಅಗ್ಗವೆಂದು ಕಂಡ ಬೆಲೆ ಹಲವು ವೇಳೆ ಅಲ್ಲಿಗೇ ಮಾಯವಾಗುತ್ತದೆ.

ಸಹಿ ಮಾಡಿದ ಖಾಲಿ ನಮೂನೆಗಳು ಕೈಯಿಂದ ಕೈಗೆ ಸಾಗುವ ವ್ಯವಹಾರದಿಂದ ದೂರವಿರಬೇಕು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಹೆಸರು ವರ್ಗಾವಣೆ ಮಾರುವವರಿಗೂ ಅಷ್ಟೇ ಮುಖ್ಯ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳ ಗಡುವಿದೆ. ಬಳಸಿದ ವಾಹನಗಳ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಇದೆ. ಆ ಪತ್ರವನ್ನು ಕೇಳಿ ನೋಡಬಹುದು.

ಕಾರಿನ ನೋಂದಣಿಯ ಅವಧಿ 15 ವರ್ಷ. ಬಳಿಕ ಎಫ್‌ಸಿ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಹದಿಮೂರು, ಹದಿನಾಲ್ಕು ವರ್ಷದ ವಾಹನ ಕೊಳ್ಳುವವರು ಈ ವೆಚ್ಚವನ್ನೂ ಸೇರಿಸಿಕೊಳ್ಳಬೇಕು. ಗ್ಯಾಸ್ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಲೇಬೇಕು. ಅಡುಗೆ ಅನಿಲದ ಸಿಲಿಂಡರಿನಿಂದ ಓಡುವ ವ್ಯಾನನ್ನು ಯಾವ ಬೆಲೆಗೂ ಕೊಳ್ಳಬಾರದು.

ಜೀವದ ಪ್ರಶ್ನೆ

2023ರ ಮೇ 29ರಂದು ತಿ.ನರಸೀಪುರ ಬಳಿಯ ಕುರುಬೂರು ಸಮೀಪ ಇನ್ನೋವಾ ಮತ್ತು ಖಾಸಗಿ ಬಸ್ ಮುಖಾಮುಖಿ ಡಿಕ್ಕಿಯಾಗಿ 10 ಮಂದಿ ಮೃತಪಟ್ಟರು. ಬಳ್ಳಾರಿ ಕಡೆಯಿಂದ ಪ್ರವಾಸಕ್ಕೆ ಬಂದಿದ್ದ ಕುಟುಂಬಗಳವು. ಇಂತಹ ದುರಂತವನ್ನು ವಾಹನದ ಆಯ್ಕೆಯೊಂದೇ ತಡೆಯಲಾರದು. ಆದರೆ ಒಂದು ವಾಹನದೊಳಗೆ ಎಷ್ಟು ಜೀವಗಳಿರುತ್ತವೆ ಎಂಬುದನ್ನು ಅದು ನೆನಪಿಸುತ್ತದೆ. ಏಳು ಆಸನದ ವಾಹನ ಏಳೇ ಜನರಿಗೆ. ಮಡಿಲಲ್ಲಿ ಕೂತ ಮಗುವಿಗೂ ಒಂದು ಬೆಲ್ಟ್ ಬೇಕು.

ಹಳೆಯ ವಾಹನಗಳ ನಡುವೆ ಆರಿಸುವಾಗ ತಯಾರಿಕೆಯ ವರ್ಷ ಇಲ್ಲಿ ನೆರವಿಗೆ ಬರುತ್ತದೆ. ಎಬಿಎಸ್ ಬ್ರೇಕ್ 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ ಕಡ್ಡಾಯವಾದವು. ಮುಂದಿನ ಎರಡೂ ಆಸನಗಳ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೆ ಕಡ್ಡಾಯವಾದುದು 2022ರ ಆರಂಭದಿಂದ. ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಈಕೊ 2016ರಲ್ಲಿ ಶೂನ್ಯ ತಾರೆ ಪಡೆಯಿತು. ವಯಸ್ಕರ ರಕ್ಷಣೆಯಲ್ಲಿ ಎರ್ಟಿಗಾ 2019ರಲ್ಲಿ 3, ಟ್ರೈಬರ್ 2021ರಲ್ಲಿ 4 ತಾರೆ ಗಳಿಸಿದವು. ಪರೀಕ್ಷಾ ನಿಯಮಗಳು 2022ರಲ್ಲಿ ಬಿಗಿಯಾದ ಕಾರಣ ಹಳೆಯ ತಾರೆಗಳನ್ನು ಹೊಸವುಗಳ ಜೊತೆ ನೇರವಾಗಿ ಹೋಲಿಸುವಂತಿಲ್ಲ.

ಪರೀಕ್ಷಾರ್ಥ ಓಡಿಸುವಾಗ ಒಬ್ಬರೇ ಹೋಗದೆ, ಸಾಧ್ಯವಾದರೆ ಎಲ್ಲ ಆಸನಗಳನ್ನೂ ತುಂಬಿಕೊಂಡು ಚಾಮುಂಡಿ ಬೆಟ್ಟದಂತಹ ಏರು ರಸ್ತೆಯಲ್ಲಿ ಒಮ್ಮೆ ಹೋಗಿಬರುವುದು ಒಳಿತು. ಹತ್ತುವಾಗ ಎಂಜಿನ್ ದಣಿಯುತ್ತದೆಯೇ, ಇಳಿಯುವಾಗ ಬ್ರೇಕ್ ಎಷ್ಟು ಭದ್ರ ಎಂಬುದು ಗೊತ್ತಾಗುವುದು ಆಗಲೇ. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. ಹೊಳಪು ಬಳಿದ ಹಳೆಯ ಟೈರು ಅಲ್ಲಿ ಸಿಕ್ಕಿಬೀಳುತ್ತದೆ.

ಒಟ್ಟಾರೆ, ಮೂರನೇ ಸಾಲು ಮೇಲಿಂದ ಮೇಲೆ ತುಂಬುವ ಮನೆಗೆ, ಹೊಸ ವಾಹನಕ್ಕೆ ಹಣ ಸಾಲದಿದ್ದಲ್ಲಿ, 2019ರ ನಂತರ ತಯಾರಾದ, ಒಬ್ಬರೇ ಬಳಸಿದ, ಸರ್ವೀಸ್ ದಾಖಲೆ ಪೂರ್ಣವಾಗಿರುವ ವಾಹನ ಉತ್ತಮ ಆಯ್ಕೆ. ಅದೇ ಬೆಲೆಗೆ ಸಿಗುವ, ಆದರೆ ಏರ್‌ಬ್ಯಾಗ್ ಇಲ್ಲದ ಹಳೆಯ ದೊಡ್ಡ ವಾಹನ ಅದಕ್ಕೆ ಸಾಟಿಯಲ್ಲ. ಎಂಟನೆಯವರು ಬಂದಾಗ ಇನ್ನೊಂದು ವಾಹನ ಗೊತ್ತುಮಾಡುವುದೇ ಲೇಸು.