ದಂತಭೀತಿಯೂ ನಗೆಯ ಅನಿಲವೂ

ಹಲ್ಲುನೋವನ್ನು ತಿಂಗಳುಗಟ್ಟಲೆ ಸಹಿಸಿದವರೂ ಹಲ್ಲು ಕೀಳುವ ಇಕ್ಕಳವನ್ನು ಕಂಡೊಡನೆ ಕಂಗೆಡುವರು. ಈ ಭಯವನ್ನು ನೀಗಿಸಿದ ಇತಿಹಾಸದಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ದಂತವೈದ್ಯನಾದ ಹೊರೇಸ್ ವೆಲ್ಸನು ಸ್ಮರಣೀಯನು.

ನೈಟ್ರಸ್ ಆಕ್ಸೈಡ್ ಎಂಬ ಅನಿಲವು ನೋವನ್ನು ಅಳಿಸಬಲ್ಲುದೆಂದು ಇಂಗ್ಲೆಂಡಿನ ಹಂಫ್ರಿ ಡೇವಿಯು 1800ರಲ್ಲಿಯೇ ಬರೆದಿದ್ದನು. ಆದರೂ ಜನರು ಅದನ್ನು ವಿನೋದಕ್ಕಾಗಿಯೇ ಸೇವಿಸುತ್ತಿದ್ದರು. 1844ನೆಯ ಡಿಸೆಂಬರ್ 10ರಂದು ಕೋಲ್ಟನ್ ಎಂಬುವನು ನಡೆಸಿದ ಅಂತಹ ಪ್ರದರ್ಶನವೊಂದರಲ್ಲಿ, ಅನಿಲದ ಮತ್ತಿನಲ್ಲಿದ್ದವನೊಬ್ಬನು ಕಾಲಿಗೆ ಪೆಟ್ಟಾದರೂ ನೋವನ್ನರಿಯದೆ ಇದ್ದುದನ್ನು ವೆಲ್ಸನು ಕಂಡನು. ಮರುದಿನವೇ ತಾನು ಅದನ್ನು ಸೇವಿಸಿ ತನ್ನ ಹಲ್ಲನ್ನೇ ಕೀಳಿಸಿಕೊಂಡನು, ನೋವಾಗಲಿಲ್ಲ. ಆದರೆ 1845ರಲ್ಲಿ ಬಾಸ್ಟನ್ನಿನ ವೈದ್ಯರ ಮುಂದೆ ರೋಗಿಯು ಕೂಗಿಕೊಂಡುದರಿಂದ ವೆಲ್ಸನು ಅಪಹಾಸ್ಯಕ್ಕೀಡಾದನು. 1848ರಲ್ಲಿ ಕೀರ್ತಿಯನ್ನು ಕಾಣದೆಯೇ ತೀರಿಕೊಂಡನು. 1863ರಲ್ಲಿ ಆ ಕೋಲ್ಟನ್ನನೇ ಈ ಅನಿಲವನ್ನು ಮರಳಿ ದಂತಚಿಕಿತ್ಸೆಗೆ ತಂದನು.

ಇಂದು ಇದನ್ನು ಆಮ್ಲಜನಕದೊಡನೆ ಬೆರೆಸಿ ಮೂಗಿನ ಮೂಲಕ ಕೊಡುವರು. ರೋಗಿಯು ಎಚ್ಚತ್ತೇ ಇದ್ದು ಮಾತಿಗೆ ಉತ್ತರಿಸುವನು, ಕಳವಳವು ಅಡಗುವುದು. ನೋವಿಗೆ ಒಸಡಿನಲ್ಲಿ ಕೊಡುವ ಸೂಜಿಮದ್ದು ಬೇರೆ. ಹೆಚ್ಚಿನ ಭೀತಿಗೆ ಶಾಮಕ ಗುಳಿಗೆಗಳೂ ರಕ್ತನಾಳದ ಮೂಲಕ ಕೊಡುವ ಔಷಧಗಳೂ ಉಂಟು. ಪೂರ್ಣ ಅರಿವಳಿಕೆಯು ಕಡೆಯ ಮಾರ್ಗ.

ವೆಲ್ಸನು ನೋವಿಗೆಂದು ಅರಸಿದ ಮದ್ದು ಭಯಕ್ಕೆ ಮದ್ದಾಯಿತು. ಭಯವೂ ಚಿಕಿತ್ಸೆಗೆ ಅರ್ಹವೆಂಬುದೇ ಈ ಕಥೆಯ ಸಾರ.