ಮಲೆನಾಡಿನ ನಕ್ಸಲ್ ಸಂಘರ್ಷ: ದಾಳಿ ಮತ್ತು ಬೇಹುಗಾರಿಕೆ

ಮಲೆನಾಡಿನ ನಕ್ಸಲ್ ಸಂಘರ್ಷವೆಂದರೆ 2002ರಿಂದ 2025ರವರೆಗೆ ಚಿಕ್ಕಮಗಳೂರು, ಉಡುಪಿ, ಶಿವಮೊಗ್ಗ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಘಟ್ಟದ ಕಾಡುಗಳಲ್ಲಿ ಮಾವೋವಾದಿಗಳ ಸಶಸ್ತ್ರ ತಂಡಗಳಿಗೂ ಕರ್ನಾಟಕ ಪೊಲೀಸರಿಗೂ ನಡೆದ ಹೋರಾಟ. ಕಳಸ, ಹೊರನಾಡು, ಸಂಸೆ, ಬಾಳೆಹೊಳೆಗಳ ಕಾಫಿ ಸೀಮೆ, ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯ, ಶೃಂಗೇರಿಯ ಕಾಡಂಚು, ಘಟ್ಟದ ಕೆಳಗಿನ ಹೆಬ್ರಿ ಮತ್ತು ಕಾರ್ಕಳದ ಹಳ್ಳಿಗಳು ಇದರ ಮುಖ್ಯ ನೆಲೆ. ಗುಂಡಿನ ಕಾಳಗಗಳ ಪಟ್ಟಿಯಾಗಿ ಇದರ ಚರಿತ್ರೆಯನ್ನು ಬರೆಯುವುದು ರೂಢಿ. ಆ ಪಟ್ಟಿ ಸುಳ್ಳಲ್ಲ, ಆದರೆ ಸಾಲದು. ಇಪ್ಪತ್ತಮೂರು ವರ್ಷಗಳಲ್ಲಿ ಗುಂಡು ಹಾರಿದ ಹೊತ್ತು ಕೆಲವೇ ಗಂಟೆಗಳದ್ದು. ಉಳಿದ ಕಾಲವೆಲ್ಲ ಯಾರು ಯಾರ ಮನೆಗೆ ಬಂದರು, ಯಾರು ಅನ್ನ ಹಾಕಿದರು, ಯಾರು ಬಾಯಿಬಿಟ್ಟರು ಎಂಬುದನ್ನು ತಿಳಿಯುವುದರಲ್ಲೇ ಕಳೆಯಿತು. ಎರಡೂ ಕಡೆಯವರು ಮಾಹಿತಿಗಾಗಿ ಕಾದಿದರು, ಆ ಕಾದಾಟದ ಭಾರವನ್ನು ಹೊತ್ತವರು ಕಾಡಂಚಿನ ಒಂಟಿ ಮನೆಗಳವರು. ಇಲ್ಲಿನ ಘಟನೆಗಳನ್ನು ಈ ಕಡೆಯಿಂದ ಓದಿದಾಗ ಮಾತ್ರ ಅವುಗಳ ಕಾರಣ ಮತ್ತು ಕೊನೆ ಎರಡೂ ಸ್ಪಷ್ಟವಾಗುತ್ತವೆ.

ಹಿನ್ನೆಲೆಯಲ್ಲಿದ್ದುದು ಭೂಮಿಯ ಪ್ರಶ್ನೆ. ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪ್ರಾಥಮಿಕ ಅಧಿಸೂಚನೆ 1987ರಲ್ಲೂ ಅಂತಿಮ ಅಧಿಸೂಚನೆ 2001ರಲ್ಲೂ ಹೊರಬಿದ್ದವು. ಒಳಗೆ ತಲೆಮಾರುಗಳಿಂದ ಗದ್ದೆ, ಅಡಿಕೆ, ಕಿರು ಕಾಫಿ ತೋಟ ಮಾಡಿಕೊಂಡಿದ್ದ ಗೌಡಲು, ಮಲೆಕುಡಿಯ ಮುಂತಾದ ಸಮುದಾಯಗಳ ಕುಟುಂಬಗಳಿಗೆ ಒಕ್ಕಲೆಬ್ಬಿಸುವ ಭಯ ಹತ್ತಿತು. ಅದೇ ಬೆಟ್ಟದಲ್ಲಿ 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಗಣಿ ತೋಡುತ್ತಲೇ ಇತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ ಅದು ನಿಂತದ್ದು 2005ರ ಕೊನೆಗೆ. ಗಣಿಗೆ ಜಾಗವಿರುವ ಕಾಡಿನಲ್ಲಿ ತಮಗೇಕೆ ಜಾಗವಿಲ್ಲ ಎಂಬ ಜನರ ಪ್ರಶ್ನೆಗೆ ಯಾರಿಂದಲೂ ನೇರ ಉತ್ತರ ಬರಲಿಲ್ಲ. ಆ ಪ್ರಶ್ನೆಯ ಜೊತೆಗೇ ಮಾವೋವಾದಿಗಳು ಒಳಬಂದರು. 2002ರ ನವೆಂಬರಿನಲ್ಲಿ ಮೆಣಸಿನಹಾಡ್ಯದ ಮನೆಯೊಂದರಲ್ಲಿ ಆಕಸ್ಮಿಕವಾಗಿ ಬಂದೂಕು ಸಿಡಿದು ಆದಿವಾಸಿ ಮಹಿಳೆಯೊಬ್ಬರು ಗಾಯಗೊಂಡಾಗಲೇ ಅವರ ಇರವು ಹೊರಜಗತ್ತಿಗೆ ತಿಳಿದದ್ದು. ಸಂಘರ್ಷದ ಮೊದಲ ಸುದ್ದಿಯೇ ಒಂದು ಮನೆಯೊಳಗಿನಿಂದ ಬಂತೆಂಬುದನ್ನು ಗಮನಿಸಬೇಕು.

ಘಟ್ಟದ ಈ ಭಾಗದಲ್ಲಿ ಊರೆಂದರೆ ಒತ್ತೊತ್ತಾಗಿ ಮನೆ ಕಟ್ಟಿದ ಬೀದಿಯಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ಗದ್ದೆಯಂಚು, ಹಳ್ಳ ದಾಟಿ ಹೋಗಬೇಕು. ರಾತ್ರಿ ಬಾಗಿಲು ತಟ್ಟಿದವರ ಕೈಯಲ್ಲಿ ಬಂದೂಕಿದ್ದರೆ, ಅವರು ಯಾರೇ ಆಗಿರಲಿ, ಒಳಗೆ ಕರೆದು ಕೂರಿಸದೆ ವಿಧಿಯಿಲ್ಲ. ಬೆಳಗಾದ ಮೇಲೆ ಅದನ್ನು ಯಾರಿಗಾದರೂ ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ. ನಾಲ್ಕು ಜನರ ಮನೆಯವರು ಪೇಟೆಯಿಂದ ಒಯ್ಯುವ ಅಕ್ಕಿ, ಸಕ್ಕರೆ, ಟೀಪುಡಿ, ಬ್ಯಾಟರಿ ಸೆಲ್ಲು ಎಂದಿಗಿಂತ ಹೆಚ್ಚಾದರೆ ಅಂಗಡಿಯವನಿಗೂ ಅದು ಕಾಣುತ್ತದೆ, ಅಂಗಡಿಯ ಮುಂದೆ ನಿಂತ ಮಫ್ತಿಯ ಪೊಲೀಸನಿಗೂ ಕಾಣುತ್ತದೆ. ಕಾಫಿ ಹಣ್ಣು ಕೊಯ್ಯುವ ನವೆಂಬರಿನಿಂದ ಫೆಬ್ರವರಿವರೆಗೆ ಹೊರಗಿನ ಆಳುಗಳು ಎಸ್ಟೇಟಿನ ಲೈನ್ ಮನೆಗಳಲ್ಲಿ ತುಂಬಿಕೊಳ್ಳುವುದರಿಂದ ಹೊಸ ಮುಖ ಯಾರ ಕಣ್ಣಿಗೂ ಬೀಳದು. ಮಳೆಗಾಲದಲ್ಲಾದರೆ ಕಾಲುದಾರಿಯ ಕೆಸರಿನಲ್ಲಿ ಒಂದೊಂದು ಹೆಜ್ಜೆಯೂ ಉಳಿಯುತ್ತದೆ. ಭದ್ರೆ ಉಕ್ಕಿ ಹೆಬ್ಬಾಳೆಯ ಹಳೆಯ ಸೇತುವೆ ಮುಳುಗಿತೆಂದರೆ ಕಳಸಕ್ಕೂ ಹೊರನಾಡಿಗೂ ನೇರ ದಾರಿಯೇ ಕಡಿಯುತ್ತಿತ್ತು. ಇಂಥ ನೆಲದಲ್ಲಿ ನಕ್ಷೆಗಿಂತ ದಾರಿ ಬಲ್ಲವನ ಬೆಲೆ ಹೆಚ್ಚು. ಘಟ್ಟದ ಬಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪ ನಾಯಕನ ಮೇಲೆ 1802ರಲ್ಲಿ ಏರಿಬಂದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಕಾಡು ಕಡಿಸಿ ರಸ್ತೆ ಮಾಡಿಸಿದ್ದು ಇದೇ ತೊಡಕನ್ನು ದಾಟಲಿಕ್ಕೆ. ಇನ್ನೂರು ವರ್ಷಗಳ ನಂತರದ ಪೊಲೀಸರಿಗೆ ರಸ್ತೆಯಿತ್ತು, ಜೀಪಿತ್ತು. ಆದರೂ ರಸ್ತೆ ಮುಗಿದಲ್ಲಿಂದ ಮುಂದಕ್ಕೆ ಅವರೂ ಸ್ಥಳೀಯರ ಬಾಯನ್ನೇ ನೆಚ್ಚಬೇಕಾಯಿತು.

ದಾಳಿಗಳ ಕ್ರಮವನ್ನು ಈ ಬೆಳಕಿನಲ್ಲಿ ನೋಡಬೇಕು. 2003ರ ನವೆಂಬರ್ 17ರಂದು ಕಾರ್ಕಳ ತಾಲ್ಲೂಕಿನ ಈದು ಗ್ರಾಮದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಸತ್ತರು. 2004ರಲ್ಲಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಪತ್ರಕರ್ತರನ್ನು ಕಾಡಿಗೇ ಕರೆಸಿ ಮಾತನಾಡಿದ್ದ. ಮಾತುಕತೆಯ ಪ್ರಯತ್ನವೂ ಆಗ ನಡೆದಿತ್ತು. 2005ರ ಫೆಬ್ರವರಿ 6ರಂದು ಮೆಣಸಿನಹಾಡ್ಯ ಬಳಿ ಅವನೂ ಅವನ ಸಹಚರನೊಬ್ಬನೂ ಗುಂಡಿಗೆ ಬಲಿಯಾದರು. ವಾರ ತುಂಬುವುದರೊಳಗೆ, ಮಲೆನಾಡಿನಿಂದ ಬಹು ದೂರದ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯೊಂದರಲ್ಲಿ ತಂಗಿದ್ದ ರಾಜ್ಯ ಮೀಸಲು ಪೊಲೀಸರ ಮೇಲೆ ನಕ್ಸಲರು ಎರಗಿದರು. ಅಲ್ಲಿ ಸತ್ತವರಲ್ಲಿ ಪೊಲೀಸರಲ್ಲದೆ ಒಬ್ಬ ನಾಗರಿಕನೂ ಇದ್ದ. ಅದೇ ವರ್ಷ ರೂಪುಗೊಂಡ ನಕ್ಸಲ್ ನಿಗ್ರಹ ದಳಕ್ಕೆ ಕಾರ್ಕಳ ಕೇಂದ್ರವಾಯಿತು, ಕಾಡು ಜಾಲಾಡುವ ಕೂಂಬಿಂಗ್ ನಿತ್ಯದ ಕೆಲಸವಾಯಿತು. 2007ರ ಜುಲೈನಲ್ಲಿ ಮೆಣಸಿನಹಾಡ್ಯದ ಬಳಿ ಮತ್ತೆ ಐವರು ಸತ್ತರು. ಅವರಲ್ಲಿ ಕಾಡಂಚಿನ ಆದಿವಾಸಿ ನಿವಾಸಿಗಳೂ ಇದ್ದರು. 2008ರ ನವೆಂಬರಿನಲ್ಲಿ ಹೊರನಾಡಿನ ಸಮೀಪದ ಮಾವಿನಹೊಲದಲ್ಲಿ ಮೂವರು ನಕ್ಸಲರೂ ಒಬ್ಬ ಪೊಲೀಸ್ ಸಿಬ್ಬಂದಿಯೂ ಜೀವ ಕಳೆದುಕೊಂಡರು.

ಈ ದಾಳಿಗಳ ನಡುನಡುವೆ, ಪತ್ರಿಕೆಗಳ ಒಳಪುಟಗಳಲ್ಲಿ, ಮಾಹಿತಿದಾರ ಎಂಬ ಆರೋಪದ ಸಾವುಗಳು ಬರುತ್ತಿದ್ದವು. 2008ರ ಮೇ ತಿಂಗಳಲ್ಲಿ ಹೆಬ್ರಿ ಸಮೀಪದ ಸೀತಾನದಿಯಲ್ಲಿ ಶಿಕ್ಷಕರೊಬ್ಬರನ್ನೂ ಅವರ ಜೊತೆಗಿದ್ದವರನ್ನೂ ನಕ್ಸಲರು ಕೊಂದರು. 2011ರ ಡಿಸೆಂಬರಿನಲ್ಲಿ ಕಬ್ಬಿನಾಲೆಯ ಮಲೆಕುಡಿಯ ವ್ಯಕ್ತಿಯೊಬ್ಬರನ್ನು ಪೊಲೀಸರಿಗೆ ಸುಳಿವು ಕೊಟ್ಟರೆಂದು ಕೊಂದರು. ಯಾರ ಭೂಮಿಗಾಗಿ ಬಂದೂಕು ಹಿಡಿದೆವೆಂದು ಹೇಳಿಕೊಂಡರೋ ಆ ಸಮುದಾಯದವನನ್ನೇ ವಿಚಾರಣೆಯಿಲ್ಲದೆ ಕೊಲ್ಲುವುದಕ್ಕೆ ಯಾವ ಸಿದ್ಧಾಂತದಲ್ಲೂ ಸಮರ್ಥನೆಯಿಲ್ಲ. ಇತ್ತ ಸರ್ಕಾರದ ಕಡೆಯಿಂದಲೂ ಸಂಶಯ ಅದೇ ಮನೆಗಳ ಮೇಲೆ ಬಿತ್ತು. 2012ರ ಮಾರ್ಚಿನಲ್ಲಿ ಕುತ್ಲೂರಿನ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನನ್ನೂ ಅವನ ತಂದೆಯನ್ನೂ ನಕ್ಸಲರ ನಂಟಿನ ಆರೋಪದಲ್ಲಿ ಬಂಧಿಸಲಾಯಿತು. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಮೂಲಸೌಕರ್ಯ ಕೊಡದಿದ್ದರೆ ಚುನಾವಣೆ ಬಹಿಷ್ಕರಿಸುವ ಪತ್ರ ಇದ್ದವು. 2021ರ ಅಕ್ಟೋಬರಿನಲ್ಲಿ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ತಪ್ಪಿಲ್ಲವೆಂದು ತಿಳಿಯಲು ಒಂಬತ್ತು ವರ್ಷ ಹಿಡಿಯಿತು. ಭಯದಲ್ಲಿ ಹಿಂಡಿದ ಮಾಹಿತಿ ಎಷ್ಟು ಕಳಪೆಯಾಗಿರುತ್ತದೆ ಎಂಬುದಕ್ಕೆ ಈ ಎರಡೂ ಬಗೆಯ ಪ್ರಕರಣಗಳು ಸಾಕ್ಷಿ. ಗ್ರೀಸಿನ ಅಂತರ್ಯುದ್ಧವನ್ನು ಆಳವಾಗಿ ಅಧ್ಯಯನ ಮಾಡಿದ ಸ್ಟ್ಯಾಥಿಸ್ ಕಲಿವಾಸ್ 2006ರ ತಮ್ಮ ಗ್ರಂಥದಲ್ಲಿ, ಇಂಥ ಸಂಘರ್ಷಗಳ ಹಿಂಸೆಯನ್ನು ಬಂದೂಕುಧಾರಿಗಳೂ ಸುಳಿವು ಕೊಡುವ ಸ್ಥಳೀಯರೂ ಕೂಡಿಯೇ ಹುಟ್ಟಿಸುತ್ತಾರೆ, ಸುಳಿವಿನ ಹಿಂದೆ ಎಷ್ಟೋ ಬಾರಿ ಖಾಸಗಿ ಹಗೆಯಿರುತ್ತದೆ ಎಂದು ವಾದಿಸಿದ್ದಾರೆ. ಗಡಿಕಲ್ಲು, ನೀರಿನ ಪಾಳಿ, ಪಾಲು ಇವುಗಳ ಜಗಳವಿಲ್ಲದ ಊರು ಮಲೆನಾಡಿನಲ್ಲೂ ಇಲ್ಲ.

ಮಲೆನಾಡಿನ ಸಂಘರ್ಷವನ್ನು ಅಂತರ್ಯುದ್ಧದ ಚೌಕಟ್ಟಿನಲ್ಲಿ ನೋಡುವುದೇ ಅತಿರೇಕ ಎಂಬುದು ಒಂದು ಆಕ್ಷೇಪ. ಗಾತ್ರದಲ್ಲಿ ಅದು ನಿಜ. ಇಲ್ಲಿ ಯಾವ ಪ್ರದೇಶವೂ ಸರ್ಕಾರದ ಕೈತಪ್ಪಿ ಹೋಗಲಿಲ್ಲ, ಸರ್ಕಾರ ಇದನ್ನು ಕಾನೂನು ಸುವ್ಯವಸ್ಥೆಯ ವಿಷಯವೆಂದೇ ಕಂಡಿತು. ಆದರೆ ಹಠಾತ್ ದಾಳಿ, ಗುಪ್ತ ಸುಳಿವು, ಇಬ್ಬದಿಯ ಸಂಶಯ ಎಂಬ ಲಕ್ಷಣಗಳು ಗಾತ್ರವನ್ನು ಅವಲಂಬಿಸುವುದಿಲ್ಲ. ಮಲಯಾದಲ್ಲಿ 1950ರಿಂದ ಬ್ರಿಟಿಷರು ಲಕ್ಷಾಂತರ ಜನರನ್ನು ಬೇಲಿ ಹಾಕಿದ ಹೊಸ ಹಳ್ಳಿಗಳಿಗೆ ಸಾಗಿಸಿದ್ದು ಕಾಡಿನಲ್ಲಿದ್ದ ಬಂಡುಕೋರರಿಗೆ ಅನ್ನವೂ ಸುದ್ದಿಯೂ ತಲುಪದಿರಲಿ ಎಂದು. ಮಲೆನಾಡಿನಲ್ಲಿ ಅಂಥದ್ದು ನಡೆಯಲಿಲ್ಲ. ಆದರೆ ಉದ್ಯಾನದ ಒಳಗಿನವರನ್ನು ಹೊರಗೆ ಕಳುಹಿಸುವ ಯೋಜನೆ ಕೂಂಬಿಂಗಿನ ಜೊತೆಜೊತೆಗೇ ನಡೆದದ್ದರಿಂದ, ಎರಡೂ ಒಂದೇ ಎಂದು ಜನ ಭಾವಿಸಿದ್ದು ಸಹಜ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದುದು: ಕೊನೆಗೂ ಫಲ ಕೊಟ್ಟದ್ದು ದಾಳಿಗಳೇ, ನಾಯಕರು ಸತ್ತದ್ದರಿಂದಲೇ ಚಳವಳಿ ಕುಸಿಯಿತು ಎಂಬುದು. ದಾಳಿಗಳು ತಂಡಗಳನ್ನು ಸಣ್ಣದಾಗಿಸಿದ್ದು ನಿಜ. ಆದರೆ ಸಾಕೇತ್ ರಾಜನ್ ಸತ್ತ ಮೇಲೂ ಸಂಘರ್ಷ ಇಪ್ಪತ್ತು ವರ್ಷ ನಡೆಯಿತು. ಈ ನಡುವೆ ಮಲೆನಾಡಿನಲ್ಲಿ ಗೆರಿಲ್ಲಾ ಹೋರಾಟಕ್ಕೆ ನೆಲ ಹದವಾಗಿಲ್ಲ ಎಂಬ ವಾದ ಸಂಘಟನೆಯ ಒಳಗೇ ಎದ್ದು ಒಡಕಾಯಿತು. ಆ ವಾದದ ಪ್ರಮುಖರಾದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ 2014ರ ಡಿಸೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದರು. ಹಿರಿಯ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಪತ್ರಕರ್ತೆ ಗೌರಿ ಲಂಕೇಶ್ ಇದಕ್ಕೆ ಮಧ್ಯಸ್ಥಿಕೆ ವಹಿಸಿದ್ದರು. ಗಣಿ ನಿಂತಿತ್ತು, 2006ರ ಅರಣ್ಯ ಹಕ್ಕು ಕಾಯ್ದೆ ಬಂದಿತ್ತು, ಹೊಸ ಯುವಕರು ಕಾಡಿಗೆ ಹೋಗುವುದು ನಿಂತಿತ್ತು. 2024ರ ನವೆಂಬರ್ 18ರಂದು ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಗುಂಡಿಗೆ ಬಲಿಯಾದ. ದಿನಸಿ ಒಯ್ಯಲು ಮನೆಗೆ ಬಂದಾಗ ಕಾಳಗ ನಡೆಯಿತೆಂದು ಪೊಲೀಸರು ಹೇಳಿದರು, ನ್ಯಾಯಾಂಗ ತನಿಖೆಯಾಗಬೇಕೆಂದು ಹಕ್ಕುಗಳ ಸಂಘಟನೆಗಳು ಕೇಳಿದವು. ಆ ಸಾವೇ ಉಳಿದವರನ್ನು ಶರಣಾಗುವಂತೆ ಮಾಡಿತೆನ್ನುವವರಿದ್ದಾರೆ. ಅದು ಅವಸರಪಡಿಸಿರಬಹುದು. ಆದರೆ ಅವಸರದಲ್ಲಿ ಹೊರಬರಲು ನಂಬುವ ಬಾಗಿಲೊಂದು ಮೊದಲೇ ತೆರೆದಿರಬೇಕು. ಶಾಂತಿಗಾಗಿ ನಾಗರಿಕ ವೇದಿಕೆಯವರೂ ಸರ್ಕಾರದ ಶರಣಾಗತಿ ಸಮಿತಿಯವರೂ ಆ ಕೆಲಸ ಮಾಡಿದ್ದರು.

2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮುಂದೆ ಶರಣಾದರು. ಅವರಲ್ಲಿ ಒಬ್ಬಾಕೆ ಕಳಸ ತಾಲ್ಲೂಕಿನ ಬಾಳೆಹೊಳೆಯವರು. ಫೆಬ್ರವರಿಯ ಮೊದಲ ಎರಡು ದಿನಗಳಲ್ಲಿ ಚಿಕ್ಕಮಗಳೂರಿನಲ್ಲೂ ಉಡುಪಿಯಲ್ಲೂ ತಲಾ ಒಬ್ಬರು ಬಂದರು, ಅಲ್ಲಿಗೆ ರಾಜ್ಯ ನಕ್ಸಲ್‌ಮುಕ್ತವೆಂದು ಸರ್ಕಾರ ಸಾರಿತು. ಇಪ್ಪತ್ತಮೂರು ವರ್ಷ ಹಳ್ಳಿಯವರಿಂದ ಕಸಿಯಲಾಗದ ಮಾಹಿತಿ ಈಗ ತಾನಾಗಿ ಹೊರಬಂತು. ಬಚ್ಚಿಟ್ಟ ಶಸ್ತ್ರಗಳು ಶರಣಾಗತಿಯ ನಂತರ ಕೊಪ್ಪ ತಾಲ್ಲೂಕಿನ ಕಾಡಿನಲ್ಲಿ ಸಿಕ್ಕವು. ನಿಗ್ರಹ ದಳದ ಸಿಬ್ಬಂದಿಯ ಒಂದು ಭಾಗವನ್ನು ಅದೇ ವರ್ಷ ಕರಾವಳಿಯ ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆಗೆ ವರ್ಗಾಯಿಸಲಾಯಿತು. ಶರಣಾದವರು ಆಡಳಿತದ ಮುಂದಿಟ್ಟ ಬೇಡಿಕೆಗಳಲ್ಲಿ ಆದಿವಾಸಿಗಳ ಭೂಮಿಯ ಹಕ್ಕೂ ಇತ್ತು. ಮಾಹಿತಿದಾರರೆಂದು ಸತ್ತವರ ಮನೆಗಳ ಕಡೆಯಿಂದಲೂ, ನಕ್ಸಲರಿಗೆ ಅನ್ನ ಹಾಕಿದರೆಂದು ಠಾಣೆಗೆ ಅಲೆದವರ ಕಡೆಯಿಂದಲೂ ಈ ಸಂಘರ್ಷದ ಚರಿತ್ರೆಯನ್ನು ಬರೆಯುವ ಕೆಲಸ ಇನ್ನೂ ಆಗಬೇಕಾಗಿದೆ.