ವಿಭಾಗಪಟ್ಟಿಯ ಚರಿತ್ರೆ: ದ್ವಿವ್ಯವಸ್ಥಾ ಗಣಕದಲ್ಲಿ ಡಿಸ್ಕಿನ ಬದಲಾವಣೆ

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇರಿಸಿಕೊಂಡವರು ಹಳೆಯ ಡಿಸ್ಕನ್ನು ತೆಗೆದು ದೊಡ್ಡದನ್ನು ಹಾಕಿದಾಗ, ಕಡತಗಳೆಲ್ಲ ಸುರಕ್ಷಿತವಾಗಿದ್ದರೂ ಯಂತ್ರವು ಏಳದೆ ಹೋಗುವುದುಂಟು. ಇದಕ್ಕೆ ಬಳಸುವವರ ಅಜಾಗರೂಕತೆಯೇ ಕಾರಣವೆಂಬ ಮಾತು ಚರಿತ್ರೆಯ ಮುಂದೆ ಪೂರ್ತಿ ನಿಲ್ಲದೆಂದು ನಮಗೆ ತೋರುತ್ತದೆ.

1983ರಲ್ಲಿ ಐಬಿಎಂ ಸಂಸ್ಥೆಯ ಪಿಸಿ ಎಕ್ಸ್‌ಟಿ ಗಣಕವು 10 ಮೆಗಾಬೈಟಿನ ಡಿಸ್ಕಿನೊಡನೆ ಹೊರಬಂದಿತು. ಅದರೊಡನೆ ಬಂದ ಡಾಸ್ 2.0, ಡಿಸ್ಕಿನ ಮೊದಲ 512 ಬೈಟುಗಳಲ್ಲಿ ನಾಲ್ಕು ವಿಭಾಗಗಳ ಪಟ್ಟಿಯೊಂದನ್ನು ಇರಿಸಿತು. ಬೇರೆ ಬೇರೆ ವ್ಯವಸ್ಥೆಗಳು ಒಂದೇ ಡಿಸ್ಕಿನಲ್ಲಿ ಬಾಳಲೆಂಬ ಉದ್ದೇಶ ಅದರಲ್ಲಿಯೇ ಇದ್ದಿತು. ಆದರೆ ಪಟ್ಟಿಯು ವಿಭಾಗದ ಸ್ಥಳವನ್ನು ಹೇಳಿತೇ ಹೊರತು ಅದಕ್ಕೊಂದು ಹೆಸರನ್ನು ಕೊಡಲಿಲ್ಲ. ಲಿನಕ್ಸಿನ ಮೊದಲ ವರ್ಷಗಳ ಲೈಲೊ ಸಹ ಕರ್ನೆಲ್ ಇರುವ ಸ್ಥಳಗಳನ್ನೇ ಬರೆದಿಡುತ್ತಿತ್ತು. ಅವು ಕದಲಿದರೆ ಅದನ್ನು ಮತ್ತೆ ನಡೆಸಬೇಕಾಗಿತ್ತು. 1995ರಲ್ಲಿ ಎರಿಕ್ ಬೊಲೀನ್ ಆರಂಭಿಸಿದ ಗ್ರಬ್ ಕಡತವ್ಯವಸ್ಥೆಯನ್ನೇ ಓದಬಲ್ಲದ್ದಾದುದರಿಂದ ಈ ತೊಡಕು ಕಡಿಮೆಯಾಯಿತು.

ಹಳೆಯ ಪಟ್ಟಿಯ 32 ಬಿಟ್ಟಿನ ಎಣಿಕೆಯು, 512 ಬೈಟಿನ ಖಂಡಗಳ ಲೆಕ್ಕದಲ್ಲಿ, ಸುಮಾರು 2 ಟೆರಾಬೈಟಿಗೆ ಮುಗಿಯುತ್ತದೆ. 1990ರ ದಶಕದ ಕೊನೆಯಲ್ಲಿ ಇಂಟೆಲ್ ಸಂಸ್ಥೆಯ ಇಎಫ್‌ಐ ಯೋಜನೆಯೊಡನೆ ಹುಟ್ಟಿದ ಜಿಪಿಟಿ ಅದರ ಸ್ಥಾನಕ್ಕೆ ಬಂದಿತು. ಇದರಲ್ಲಿ ಪ್ರತಿ ವಿಭಾಗಕ್ಕೂ 128 ಬಿಟ್ಟಿನ ಗುರುತಿದೆ. ಪಟ್ಟಿಯ ನಕಲೊಂದು ಡಿಸ್ಕಿನ ಕೊನೆಯಲ್ಲಿರುತ್ತದೆ. ಆದುದರಿಂದ ದೊಡ್ಡ ಡಿಸ್ಕಿಗೆ ಎಲ್ಲವನ್ನೂ ಯಥಾವತ್ತಾಗಿ ಇಳಿಸಿದರೆ ಆ ನಕಲು ನಡುವೆ ಉಳಿಯುತ್ತದೆ. ಅದನ್ನು ಕೊನೆಗೆ ಸಾಗಿಸಬೇಕು. ಗುರುತುಗಳೂ ಒಂದೇ ಆಗುವುದರಿಂದ ಎರಡು ಡಿಸ್ಕುಗಳನ್ನು ಒಟ್ಟಿಗೆ ಜೋಡಿಸಿಡಲಾಗದು. ಹೊಸದಾಗಿ ವಿಭಾಗಿಸಿ ಕಡತಗಳನ್ನಷ್ಟೇ ಸಾಗಿಸಿದರೆ, ವ್ಯವಸ್ಥೆಯು ಇಲ್ಲದ ಹಳೆಯ ಗುರುತನ್ನು ಅರಸಿ ನಿಲ್ಲುತ್ತದೆ.

ಹೀಗೆ ಸ್ಥಳವನ್ನು ನಂಬಿದ ಕಾಲದ ತೊಡಕು ಹೋಗಿ, ಗುರುತನ್ನು ನಂಬುವ ಕಾಲದ ತೊಡಕು ಬಂದಿದೆ. ಹೊಸ ಡಿಸ್ಕು ಎರಡು ವ್ಯವಸ್ಥೆಗಳನ್ನೂ ಎಬ್ಬಿಸುವವರೆಗೆ ಹಳೆಯದನ್ನು ಅಳಿಸದೆ ಬೇರೆಯಾಗಿ ಕಾಪಾಡುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ.